ಆರು ಕಡ್ಡಿ, ಒಂದು ನಕ್ಷತ್ರ

ಮೈಸೂರಿನ ಲಷ್ಕರ್ ಮೊಹಲ್ಲಾದ ಒಂದು ವಠಾರದ ಕಿಟಕಿಯಲ್ಲಿ ಹೋದ ಡಿಸೆಂಬರಿನಲ್ಲಿ ಒಂದು ನಕ್ಷತ್ರ ತೂಗುತ್ತಿತ್ತು. ಐಸ್‌ಕ್ಯಾಂಡಿ ಕಡ್ಡಿಯಲ್ಲಿ ಮಾಡಿದ್ದು. ಆರೇ ಕಡ್ಡಿ. ಮೂರು ಕಡ್ಡಿಯ ತ್ರಿಕೋನ ಒಂದು ನೆಟ್ಟಗೆ, ಇನ್ನೊಂದು ತಲೆಕೆಳಗಾಗಿ. ಜಡೆ ಹೆಣೆದ ಹಾಗೆ ಒಂದರ ಕಡ್ಡಿ ಇನ್ನೊಂದರ ಮೇಲೆ ಹತ್ತಿ, ಮುಂದಿನದರ ಕೆಳಗೆ ನುಸುಳಿ ಹೋಗಿತ್ತು. ಒಂದು ತ್ರಿಕೋನದ ಕಡ್ಡಿಗಳು ಬರಿ ಮರದ ಬಣ್ಣದಲ್ಲೇ ಇದ್ದವು, ಇನ್ನೊಂದರವು ತಿಳಿ ಕಂದು. ಕಾಫಿ ಡಿಕಾಕ್ಷನ್ನಿನಲ್ಲಿ ಒಂದು ರಾತ್ರಿ ನೆನೆಹಾಕಿ ಬರಿಸಿದ ಬಣ್ಣ ಅದು. ಮೂಲೆಗಳನ್ನು ಬಾಳೆನಾರಿನಿಂದ ಕಟ್ಟಿತ್ತು. ದೇವರಾಜ ಮಾರುಕಟ್ಟೆಯಲ್ಲಿ ಹೂ ಮಾರುವವರು ಮಲ್ಲಿಗೆ ಕಟ್ಟುತ್ತಾರಲ್ಲ, ಅದೇ ನಾರು, ಅದೇ ಗಂಟು.

ಮಾಡಿದವರು ಶಾಲೆಯಲ್ಲಿ ಕ್ರಾಫ್ಟ್ ಕಲಿಸಿ ನಿವೃತ್ತರಾದ ಒಬ್ಬ ಟೀಚರಮ್ಮ. “ಗಮ್ ಹಾಕಿಲ್ವಾ ಟೀಚರ್?” ಎಂದು ಕೇಳಿದೆ. “ಹೂ ಕಟ್ಟೋ ಕೈಗೆ ಗಮ್ ಯಾಕಪ್ಪಾ?” ಎಂದರು. ಅಲ್ಲಿಂದ ಅಶೋಕ ರಸ್ತೆಗೆ ಬಂದರೆ ಸಂತ ಫಿಲೋಮಿನಾ ಚರ್ಚಿನ ಅವಳಿ ಗೋಪುರ ದೀಪ ತೊಟ್ಟು ನಿಂತಿತ್ತು. ಜನ ಅದನ್ನು ನೋಡುತ್ತಿದ್ದರು, ನಾನೂ ನೋಡಿದೆ. ಆದರೆ ಮನೆಗೆ ಬಂದ ಮೇಲೂ ಕಣ್ಣಿನಲ್ಲಿ ಉಳಿದದ್ದು ಅಂಗೈಗಿಂತ ಸ್ವಲ್ಪ ದೊಡ್ಡದಾದ ಆ ಕಡ್ಡಿಯ ನಕ್ಷತ್ರ.

ಕೆಲವು ವರ್ಷಗಳಿಂದ ಮೈಸೂರಿನ ಮನೆಗಳಲ್ಲಿ, ಶಾಲೆಗಳಲ್ಲಿ, ಬೇಸಿಗೆ ಶಿಬಿರಗಳಲ್ಲಿ, ಮಹಿಳಾ ಸಂಘಗಳಲ್ಲಿ ಕಡ್ಡಿಯ ಕ್ರಿಸ್ಮಸ್ ಅಲಂಕಾರ ನೋಡುತ್ತ ಬಂದಿದ್ದೇನೆ. ನಾನೂ ಮಾಡಿದ್ದೇನೆ. ನೋಡಿದ್ದರಲ್ಲಿ ಬಹುಪಾಲು ಥಳಕು. ಸೊಗಸಾದದ್ದು ಬೆರಳೆಣಿಕೆ. ಸಾಮಾನು ಒಂದೇ, ಅಂಗಡಿ ಒಂದೇ, ಕೈಗಳೂ ಹೆಚ್ಚುಕಡಿಮೆ ಅವೇ. ಆದರೂ ಈ ಅಂತರ ಯಾಕೆ ಎಂದು ಯೋಚಿಸಿದಾಗಲೆಲ್ಲ ನನಗೆ ಹೊಳೆಯುವುದು ಒಂದೇ ಕಾರಣ. ಸೊಗಸಾದ ಕೆಲಸದಲ್ಲಿ ಕಡ್ಡಿ ಕಡ್ಡಿಯಾಗಿ ಕಾಣುತ್ತದೆ. ಕೆಟ್ಟ ಕೆಲಸದಲ್ಲಿ ಅದನ್ನು ಮುಚ್ಚಿಡಲು ಹೆಣಗಾಡಿದ್ದು ಕಾಣುತ್ತದೆ.

ಮೊದಲು ಕಡ್ಡಿಯನ್ನೇ ಕೈಗೆತ್ತಿಕೊಳ್ಳೋಣ. ಶಿವರಾಂಪೇಟೆಯ ಸ್ಟೇಷನರಿ ಅಂಗಡಿಯಲ್ಲಿ ಪ್ಯಾಕೆಟ್ಟಿನಲ್ಲಿ ಸಿಗುವ ಕಡ್ಡಿ ಸುಮಾರು 11.4 ಸೆಂ.ಮೀ. ಉದ್ದ, 1 ಸೆಂ.ಮೀ. ಅಗಲ, 2 ಮಿ.ಮೀ. ದಪ್ಪ. ‘ಜಂಬೋ’ ಎನ್ನುವುದು 15 ಸೆಂ.ಮೀ. ಉದ್ದದ ಅಗಲ ಪಟ್ಟಿ. ಡಾಕ್ಟರು ನಾಲಿಗೆ ಒತ್ತಿ ಗಂಟಲು ನೋಡುತ್ತಾರಲ್ಲ, ಅದೇ. ಬರ್ಚ್, ಪೋಪ್ಲರ್‌ನಂಥ ಬಿಳಿ ಮರದ ದಿಮ್ಮಿಯನ್ನು ತಿರುಗಿಸುತ್ತ, ಪೆನ್ಸಿಲ್ ಹೆರೆದ ಹಾಗೆ ತೆಳು ಹಾಳೆಯಾಗಿ ಸುಲಿದು, ಆ ಹಾಳೆಯಿಂದ ಅಚ್ಚಿನಲ್ಲಿ ಕಡ್ಡಿಗಳನ್ನು ಒತ್ತಿ ತೆಗೆಯುತ್ತಾರೆ. ಬಾಯಿಗೆ ಹೋಗುವ ವಸ್ತು ಆದ್ದರಿಂದ ವಾಸನೆ, ರುಚಿ ಇಲ್ಲದ ಮರವೇ ಬೇಕು. ಹೀಗೆ ಒತ್ತಿ ತೆಗೆಯುವಾಗ ಮರದ ಎಳೆ ಎಲ್ಲ ಕಡ್ಡಿಯಲ್ಲೂ ಉದ್ದಕ್ಕೆ ಸರಿಯಾಗಿ ಓಡುವುದಿಲ್ಲ. ಕೆಲವದರಲ್ಲಿ ಓರೆಯಾಗಿ ಹಾದುಹೋಗಿರುತ್ತದೆ, ಅಂಥದ್ದು ಸ್ವಲ್ಪ ಒತ್ತಿದರೂ ಪಟ್ಟನೆ ಮುರಿಯುತ್ತದೆ. ಕೆಲವು ಸೊಟ್ಟಗಿರುತ್ತವೆ. ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ ಕಡ್ಡಿ ಆರಿಸದೆ ಕೆಲಸಕ್ಕೆ ಕೂತವರ ನಕ್ಷತ್ರ ಮೊದಲ ದಿನವೇ ಒಂದು ಕಡೆ ವಾಲಿರುತ್ತದೆ.

ಅಮೆರಿಕದ ಫ್ರಾಂಕ್ ಎಪರ್ಸನ್ ಎಂಬ 11 ವರ್ಷದ ಹುಡುಗ 1905ರ ಒಂದು ಚಳಿರಾತ್ರಿ ಸೋಡಾಪುಡಿ ಕಲಸಿದ ಲೋಟವನ್ನು ಕಲಕುವ ಕಡ್ಡಿಯ ಸಮೇತ ಹೊರಗೇ ಬಿಟ್ಟು, ಬೆಳಗ್ಗೆ ಕಡ್ಡಿಗೆ ಕಚ್ಚಿಕೊಂಡ ಮಂಜುಗಡ್ಡೆ ಕಂಡ ಕಥೆ ಬಹಳ ಜನ ಹೇಳುತ್ತಾರೆ. ಆ ಐಸ್‌ಕ್ಯಾಂಡಿಗೆ ಅವನಿಗೆ ಪೇಟೆಂಟ್ ಸಿಕ್ಕಿದ್ದು 1924ರಲ್ಲಿ. ನಮ್ಮಲ್ಲಿ ಕಡ್ಡಿಯ ಬಾಳು ಈಚೆಗೆ ಇನ್ನೊಂದು ತಿರುವು ಪಡೆಯಿತು. 2022ರ ಜುಲೈ 1ರಿಂದ ದೇಶದಲ್ಲಿ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ವಸ್ತುಗಳ ಪಟ್ಟಿಯೊಂದು ನಿಷೇಧವಾಯಿತಲ್ಲ, ಅದರಲ್ಲಿ ಪ್ಲಾಸ್ಟಿಕ್ಕಿನ ಐಸ್‌ಕ್ರೀಂ ಕಡ್ಡಿಯೂ ಇತ್ತು, ಅಲಂಕಾರಕ್ಕೆ ಬಳಸುವ ಥರ್ಮಕೋಲೂ ಇತ್ತು. ಗೋದಲಿಗೆ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿಗೆ, ಬೆಟ್ಟ, ಗುಹೆ, ಗೋಡೆ ಎಲ್ಲವನ್ನೂ ಥರ್ಮಕೋಲಿನಲ್ಲೇ ಕೊರೆದು ಅಭ್ಯಾಸವಾಗಿದ್ದ ಕೈಗಳಿಗೆ ಮರದ ಕಡ್ಡಿ ಹೊಸದಾಗಿ ಬೇಕಾಯಿತು. ನನ್ನ ಮಟ್ಟಿಗೆ ಇದು ಒಳ್ಳೆಯದೇ ಆಯಿತು. ಥರ್ಮಕೋಲ್ ಏನು ಹೇಳಿದರೂ ಕೇಳುವ ವಸ್ತು, ಹೇಗೆ ಬೇಕಾದರೂ ಕೊರೆಯಬಹುದು. ಕಡ್ಡಿ ಹಾಗಲ್ಲ. ಅದಕ್ಕೆ ತನ್ನದೇ ಅಳತೆ ಇದೆ, ಹಟ ಇದೆ. ಮಾಡುವವರು ಅದರ ಮಾತು ಕೇಳಬೇಕು.

ಅಳತೆಯ ಮಾತು ಎಷ್ಟು ಮುಖ್ಯ ಎಂಬುದಕ್ಕೆ ಟೀಚರಮ್ಮನ ನಕ್ಷತ್ರವನ್ನೇ ನೋಡಿ. ಎರಡು ಸಮ ತ್ರಿಕೋನಗಳು ಹೀಗೆ ಕೂಡಿದಾಗ ಪ್ರತಿ ಬಾಹುವೂ ಸರಿಯಾಗಿ ಮೂರು ಪಾಲಾಗುತ್ತದೆ. ತುದಿ ಜೋಡಿಸಲು ಎರಡೂ ಕಡೆ ಅರ್ಧ ಸೆಂಟಿಮೀಟರಿನಷ್ಟು ಬಿಟ್ಟರೆ ಉಳಿಯುವುದು ಸುಮಾರು 10.5 ಸೆಂ.ಮೀ.; ಮೂರೂವರೆ ಸೆಂಟಿಮೀಟರಿಗೊಂದು ಪೆನ್ಸಿಲ್ ಗುರುತು ಹಾಕಿಕೊಂಡರೆ ಆಯಿತು, ಕಡ್ಡಿಗಳು ಎಲ್ಲಿ ಹಾಯಬೇಕೋ ಅಲ್ಲೇ ಹಾಯುತ್ತವೆ. ಒಂದು ಮೇಲೆ, ಒಂದು ಕೆಳಗೆ ಎಂದು ಹೆಣೆದಾಗ ಕಡ್ಡಿಗಳು ಕೂದಲೆಳೆಯಷ್ಟು ಬಾಗಿ ಒಂದನ್ನೊಂದು ಒತ್ತಿ ಹಿಡಿಯುತ್ತವೆ. ನಾರು ತುದಿಗಳನ್ನು ಕಾಯುತ್ತದೆ, ನಡುವಿನ ಆರು ಸಂದುಗಳನ್ನು ಕಡ್ಡಿಗಳೇ ಕಾಯುತ್ತವೆ. ಐದು ಮೂಲೆಯ ನಕ್ಷತ್ರ ಇಷ್ಟು ಸಲೀಸಲ್ಲ. ಅದರ ತುದಿಯ ಕೋನ 36 ಡಿಗ್ರಿ, ಅದೇ 10.5 ಸೆಂ.ಮೀ. ಬಾಹುವಿನಲ್ಲಿ ಎರಡೂ ತುದಿಯಿಂದ ಸುಮಾರು 4 ಸೆಂ.ಮೀ.ಗೆ ಗುರುತು ಬರಬೇಕು, ನಡುವೆ ಎರಡೂವರೆ ಉಳಿಯಬೇಕು. ಕಣ್ಣಳತೆಯಲ್ಲಿ ಮಾಡಿದರೆ ಒಂದು ಕಾಲು ಗಿಡ್ಡ, ಒಂದು ಕೈ ಉದ್ದ. ಪೇಟೆಯಲ್ಲಿ, ಶಾಲೆಯಲ್ಲಿ ಕಾಣುವ ಕಡ್ಡಿಯ ನಕ್ಷತ್ರಗಳಲ್ಲಿ ಸೊಟ್ಟಗಿರುವವು ಹೆಚ್ಚಾಗಿ ಐದು ಮೂಲೆಯವೇ ಆಗಿರುವುದಕ್ಕೆ ಕಾರಣ ಮಕ್ಕಳ ಕೈಯಲ್ಲಿಲ್ಲ, ಹೀಗೆ ಅಳೆದು ಗುರುತು ಹಾಕಿಕೊಳ್ಳಲು ಯಾರೂ ಕಲಿಸಲಿಲ್ಲ ಎಂಬುದರಲ್ಲಿದೆ. ಜರ್ಮನಿಯ ನೀಸ್ಕಿ ಎಂಬ ಊರಿನ ಮೊರೇವಿಯನ್ ಕ್ರೈಸ್ತ ಪಂಗಡದ ಶಾಲೆಯಲ್ಲಿ 1830ರ ದಶಕದಲ್ಲಿ ಮಕ್ಕಳು ರೇಖಾಗಣಿತದ ಪಾಠವಾಗಿ ಕಾಗದದ ನಕ್ಷತ್ರ ಮಾಡುತ್ತಿದ್ದರು. ಲೋಕದ ಹಲವು ಕಡೆ ಇವತ್ತಿಗೂ ಕ್ರಿಸ್ಮಸ್ಸಿಗೆ ತೂಗುಹಾಕುವ ಬಹುಮೂಲೆಯ ನಕ್ಷತ್ರ ಹುಟ್ಟಿದ್ದು ಆ ಪಾಠದ ಬೆಂಚಿನಲ್ಲಿ. ನಮ್ಮ ಶಾಲೆಗಳಲ್ಲಿ ಕ್ರಾಫ್ಟ್ ಪೀರಿಯಡ್ ಬೇರೆ, ಗಣಿತದ ಪೀರಿಯಡ್ ಬೇರೆ.

ಕ್ರಿಸ್ಮಸ್ಸಿಗೆ ಆರು ಮೂಲೆಯ ನಕ್ಷತ್ರ ಸರಿಯೇ ಎಂದು ಕೇಳುವವರಿದ್ದಾರೆ. ಯೇಸು ಹುಟ್ಟಿದ ಬೇತ್ಲೆಹೇಮು ರಾಜ ದಾವೀದನ ಊರು. ದಾವೀದನ ಹೆಸರಿನಲ್ಲೇ ಕರೆಯುವ ಆಕಾರ ಆ ಊರಿನ ಮೇಲೆ ಮೂಡಿದ ತಾರೆಗೆ ಒಗ್ಗದೆ ಹೋದೀತೆ? ಅದಕ್ಕಿಂತ ಹತ್ತಿರದ ಕಾರಣವೂ ಒಂದಿದೆ. ಏಳು ಚುಕ್ಕಿಯಿಂದ ನಾಲ್ಕು ಚುಕ್ಕಿಗೆ ಇಳಿಸಿ ಹಾಕುವ ರಂಗೋಲಿ ಇಲ್ಲಿನ ಹೆಣ್ಣುಮಕ್ಕಳಿಗೆಲ್ಲ ಗೊತ್ತು. ನಡುಸಾಲಿನಲ್ಲಿ ಏಳು, ಮೇಲೆ ಕೆಳಗೆ ಆರು, ಐದು, ನಾಲ್ಕು. ಚುಕ್ಕಿ ಇಟ್ಟ ಕೂಡಲೇ ಅಲ್ಲಿ ಷಟ್ಕೋನ ಕೂತಾಯಿತು, ನಕ್ಷತ್ರ ತಾನಾಗಿ ಬರುತ್ತದೆ. ಕಡ್ಡಿಯ ಅಲಂಕಾರಕ್ಕೆ ಮೈಸೂರಿನಲ್ಲಿ ಇದಕ್ಕಿಂತ ಒಳ್ಳೆಯ ಮಾದರಿಪುಸ್ತಕ ಬೇಕೆ? ಟೀಚರಮ್ಮ ಹೊಸ ನಮೂನೆಯನ್ನು ಮೊದಲು ಬಾಗಿಲ ಮುಂದೆ ರಂಗೋಲಿಯಲ್ಲಿ ಬಿಡಿಸಿ ನೋಡಿಕೊಂಡು, ಆಮೇಲೆ ಕಡ್ಡಿಗೆ ಕೈ ಹಾಕುತ್ತಾರೆ.

ಆದರೆ ಬಹುಪಾಲು ಮನೆಗಳಲ್ಲಿ ಆಗುವುದು ಹೀಗಲ್ಲ. ಮೊಬೈಲಿನಲ್ಲಿ ನೋಡಿದ ಹಿಮದ ಹರಳು ಬೇಕು. ನಾಲ್ಕು ಕಡ್ಡಿಯನ್ನು ನಡುವಿನಲ್ಲಿ ಒಂದರ ಮೇಲೊಂದು ಅಡ್ಡಡ್ಡ ಅಂಟಿಸಿ ಎಂಟು ತೋಳಿನ ಒಂದು ಚಕ್ರ ಮಾಡುತ್ತಾರೆ, ಬಿಳಿ ಬಣ್ಣ ಹೊಡೆಯುತ್ತಾರೆ, ಮೇಲೆ ಹತ್ತಿ. ಹಿಮದ ಹರಳಿಗೆ ಎಂಟು ತೋಳಿರುವುದಿಲ್ಲ, ಆರೇ. ಹಿಮ ಯಾಕೆ ಆರು ಮೂಲೆಯಾಗಿಯೇ ಬೀಳುತ್ತದೆ ಎಂದು ಖಗೋಳ ವಿಜ್ಞಾನಿ ಕೆಪ್ಲರ್ 1611ರಲ್ಲಿಯೇ ಒಂದು ಪುಟ್ಟ ಪುಸ್ತಕ ಬರೆದು ತನ್ನ ಆಶ್ರಯದಾತನಿಗೆ ಹೊಸವರ್ಷದ ಉಡುಗೊರೆಯಾಗಿ ಕೊಟ್ಟಿದ್ದ. ಇದು ತಪ್ಪು ಹುಡುಕುವ ಮಾತಲ್ಲ. ನಾಲ್ಕು ಕಡ್ಡಿ ಒಂದರ ಮೇಲೊಂದು ಕೂತಾಗ ನಡುವಿನಲ್ಲಿ 8 ಮಿ.ಮೀ. ಎತ್ತರದ ಗಡ್ಡೆ ಆಗುತ್ತದೆ, ತೋಳುಗಳು ಬೇರೆ ಬೇರೆ ಮಟ್ಟದಲ್ಲಿ ನಿಲ್ಲುತ್ತವೆ, ಗಾಳಿಗೆ ತಿರುಗಿದಾಗ ಅದರ ಪಕ್ಕದ ನೋಟ ನೋಡಲಾಗದು. ಆರು ತೋಳಿಗೆ ಮೂರೇ ಕಡ್ಡಿ ಸಾಕು, ನಡುವಿನಲ್ಲಿ ಅರ್ಧ ದಪ್ಪ ಕೊರೆದು ಕೂಡಿಸಿದರೆ ಗಡ್ಡೆ ಇನ್ನೂ ತಗ್ಗುತ್ತದೆ. ಪ್ರಕೃತಿಯ ಲೆಕ್ಕವೂ ಕಡ್ಡಿಯ ಲೆಕ್ಕವೂ ಇಲ್ಲಿ ಒಂದೇ ಆಗುತ್ತವೆ. ಇನ್ನು ಹತ್ತಿ. ಮೈಸೂರಿನ ಡಿಸೆಂಬರು ಮಂಜಿನ ಮುಂಜಾನೆಯದು, ಎಳೆಬಿಸಿಲಿನದು, ಅವರೆಕಾಯಿ ಸೊಗಡಿನದು. ಹಿಮ ಕಾಣದ ಊರಿನಲ್ಲಿ ಹಿಮ ಸುರಿಸುವ ಆಸೆ ತಪ್ಪೆಂದು ಹೇಳಲಾರೆ, ದೂರದ ಕನಸು ಕಾಣುವುದೂ ಹಬ್ಬದ ಒಂದು ಸುಖ. ಆದರೆ ಆ ಹತ್ತಿ ಮರವನ್ನು ಮುಚ್ಚುತ್ತದೆ, ಧೂಳು ಕುಡಿಯುತ್ತದೆ, ಮೇಣದಬತ್ತಿಯ ಹತ್ತಿರ ಇಟ್ಟರೆ ಅಪಾಯ ತರುತ್ತದೆ. ಕಡ್ಡಿಗೆ ಅದರಿಂದ ಏನೂ ಸಿಗುವುದಿಲ್ಲ.

ಗ್ಲಿಟರ್ ಬಗ್ಗೆ ನನಗೆ ಮೃದುವಾಗಿ ಮಾತನಾಡಲು ಆಗುವುದಿಲ್ಲ. ಅದು ಲೋಹದ ಲೇಪ ಕೊಟ್ಟ ಪ್ಲಾಸ್ಟಿಕ್ ಹಾಳೆಯ ಚೂರು. ಐರೋಪ್ಯ ಒಕ್ಕೂಟ 2023ರ ಅಕ್ಟೋಬರಿನಿಂದ ಬಿಡಿ ಪ್ಲಾಸ್ಟಿಕ್ ಗ್ಲಿಟರಿನ ಮಾರಾಟಕ್ಕೆ ಕಡಿವಾಣ ಹಾಕಿತು. ಒಮ್ಮೆ ಮನೆಯಲ್ಲಿ ಚೆಲ್ಲಿದರೆ ಯುಗಾದಿಗೂ ಗುಡಿಸುತ್ತಿರಬೇಕು, ಗುಡಿಸಿದ್ದು ಮೋರಿಗೆ ಹೋಗುತ್ತದೆ. ಮರದ ಕಡ್ಡಿ ಮಣ್ಣಿಗೆ ಹೋಗುವ ವಸ್ತು ಎಂದು ಹೆಮ್ಮೆಪಟ್ಟು, ಅದರ ಮೇಲೆ ಈ ಪುಡಿ ಉದುರಿಸಿದರೆ ಹೆಮ್ಮೆಗೆ ಅರ್ಥವಿಲ್ಲ. ಕಣ್ಣಿನ ಲೆಕ್ಕದಲ್ಲೂ ನಷ್ಟವೇ. ಗ್ಲಿಟರ್ ಹಾಕಿದ ಮೇಲೆ ಕಡ್ಡಿಯೂ ರಟ್ಟೂ ಪ್ಲಾಸ್ಟಿಕ್ಕೂ ಒಂದೇ ಥರ ಕಾಣುತ್ತವೆ. ಹಾಗಾದರೆ ಮರ ಯಾಕೆ ಬೇಕಿತ್ತು?

ಈ ಪ್ರಶ್ನೆ ಕೇಳಲು ಮೈಸೂರಿಗಿಂತ ತಕ್ಕ ಊರಿಲ್ಲ. ಇಲ್ಲಿ ಮರದ ಬಣ್ಣವೇ ಬಣ್ಣ ಎಂದು ನಂಬಿದ ಒಂದು ಕಸುಬು ತಲೆಮಾರುಗಳಿಂದ ನಡೆದುಬಂದಿದೆ. ಬೀಟೆ ಮರದ ಇನ್‌ಲೇ. ಕರಿಗೆಂಪು ಬೀಟೆಯ ಹಲಗೆಯಲ್ಲಿ ಗೆರೆಯ ಪ್ರಕಾರ ತಗ್ಗು ಕೊರೆದು, ಬೇರೆ ಬೇರೆ ಮರದ ಚೂರುಗಳನ್ನು ಅದರೊಳಗೆ ಕೂಡಿಸಿ, ಉಜ್ಜಿ, ಪಾಲೀಶು ಕೊಡುವ ಕೆಲಸ. 1897ರಲ್ಲಿ ಹಳೆಯ ಮರದ ಅರಮನೆ ಸುಟ್ಟುಹೋಗಿ, 1912ರ ಹೊತ್ತಿಗೆ ಎದ್ದು ನಿಂತ ಈಗಿನ ಅರಮನೆಯ ಬೀಟೆ ಬಾಗಿಲುಗಳಲ್ಲಿ ದಂತದ ಕುಸುರಿ ಇದೆ. ದಂತಕ್ಕೆ ಕಾನೂನು ತಡೆ ಹಾಕಿದ ಮೇಲೆ ಕುಶಲಕರ್ಮಿಗಳು ಮರದ ಬಣ್ಣಗಳಿಗೇ ಹೆಚ್ಚು ಒಲಿದರು. ಹಳದಿ ಬೇಕೆ, ಹಲಸು ಇದೆ. ಚಿತ್ರದಲ್ಲಿ ಹಳ್ಳಿಯ ಗುಡಿಸಲು, ಆನೆ, ಆಕಾಶ ಎಲ್ಲವೂ ಆಯಾ ಮರದ ಸ್ವಂತ ಬಣ್ಣದಲ್ಲಿ. ಬೆರಳಾಡಿಸಿದರೆ ಸಂದು ಸಿಗಬಾರದು, ಅದು ಅವರ ಪರೀಕ್ಷೆ. ಬೆಂಗಳೂರಿನ ದಾರಿಯಲ್ಲಿ ಚನ್ನಪಟ್ಟಣ ಬರುತ್ತದೆ. ಅಲ್ಲಿ ಹಾಲೆ ಮರಕ್ಕೆ ಬಣ್ಣ ಹಾಕುತ್ತಾರೆ ನಿಜ, ಆದರೆ ತಿರುಗುತ್ತಿರುವ ಮರಕ್ಕೆ ಅರಗಿನ ಕಡ್ಡಿ ಒತ್ತಿ, ಆ ಉಜ್ಜಿನ ಬಿಸಿಗೇ ಕರಗಿಸಿ, ಗರಿಯಿಂದ ಒರೆಸಿ ಹೊಳಪು ಬರಿಸುತ್ತಾರೆ. ಬಣ್ಣ ಮರದ ಮೈಗೇ ಹತ್ತುತ್ತದೆ. ಇಂಥ ಎರಡು ಕಸುಬುಗಳ ನಡುವೆ ಬದುಕುವ ಊರಿನವರು ಕಡ್ಡಿಯ ಕೆಲಸವನ್ನು ‘ಮಕ್ಕಳ ಆಟ’ ಎಂದು ರಿಯಾಯಿತಿ ಕೊಟ್ಟು ನೋಡುವುದು ನನಗೆ ಒಪ್ಪಿಗೆಯಿಲ್ಲ. ಐಸ್‌ಕ್ಯಾಂಡಿ ಕಡ್ಡಿ ಬೀಟೆಯಲ್ಲ, ಆದರೂ ಮರವೇ. ಬೀಟೆಗೆ ಕೇಳುವ ಪ್ರಶ್ನೆಯನ್ನೇ ಅದಕ್ಕೂ ಕೇಳಬೇಕು: ಸಂದು ಕೂಡಿತೇ? ಅಂಚು ನಯವಾಯಿತೇ? ಬಣ್ಣ ಮೈಗೆ ಹತ್ತಿತೇ?

ಬಣ್ಣ ಹತ್ತಿಸಲು ಅಡುಗೆಮನೆಯೇ ಸಾಕು. ಗಟ್ಟಿ ಡಿಕಾಕ್ಷನ್ನಿನಲ್ಲಿ ರಾತ್ರಿ ಮುಳುಗಿಸಿಟ್ಟ ಕಡ್ಡಿ ಬೆಳಗ್ಗೆ ಬೆಲ್ಲದ ಬಣ್ಣಕ್ಕೆ ಬಂದಿರುತ್ತದೆ, ಎಳೆಗಳು ಎದ್ದು ಕಾಣುತ್ತವೆ. ಅರಿಶಿನ ಇನ್ನೂ ಚಂದ, ಸುಣ್ಣದ ತಿಳಿ ಸೋಕಿಸಿದರೆ ಓಕುಳಿಯ ಕೆಂಪಿಗೆ ತಿರುಗುತ್ತದೆ. ಆದರೆ ಬಿಸಿಲು ಬೀಳುವ ಕಿಟಕಿಯಲ್ಲಿ ಅರಿಶಿನ ಉಳಿಯುವುದಿಲ್ಲ, ಹಬ್ಬದ ಹೊತ್ತಿಗೆ ಮಂಕಾಗಿರುತ್ತದೆ. ನೆನೆದಾಗ ಮರದ ರೋಮ ಏಳುತ್ತದೆ. ಒಣಗಿದ ಮೇಲೆ ನಯವಾದ ಉಪ್ಪುಕಾಗದದಿಂದ ಎಳೆಯ ದಾರಿಯಲ್ಲೇ ಉಜ್ಜಬೇಕು. ಅಡ್ಡಕ್ಕೆ ಉಜ್ಜಿದರೆ ಗೀರು. ಬಡಗಿಗಳು ಹಾಕುವ ಅರಗಿನ ಸ್ಪಿರಿಟ್ ಪಾಲೀಶನ್ನು ಬಟ್ಟೆಯಲ್ಲಿ ಒಂದು ಕೈ ಒರೆಸಿದರೆ ಸಾಕು, ಅಗ್ಗದ ಪ್ಯಾಕೆಟ್ಟಿನ ಕಡ್ಡಿಗೆ ಹಳೆಯ ಮೇಜಿನ ಗಾಂಭೀರ್ಯ ಬರುತ್ತದೆ. ಕತ್ತರಿಯಿಂದ ಕಡ್ಡಿ ಕತ್ತರಿಸುವವರು ಅದು ಉದ್ದಕ್ಕೆ ಸೀಳಿತೆಂದು ಬೈದುಕೊಳ್ಳುತ್ತಾರೆ. ನೀರಿನಲ್ಲಿ ನೆನೆಸಿ ಮೆತ್ತಗಾದ ಮೇಲೆ ಕತ್ತರಿಸಿದರೆ ಸೀಳುವುದಿಲ್ಲ. ಬಿಸಿನೀರಿನಲ್ಲಿ ಚೆನ್ನಾಗಿ ನೆನೆದ ಕಡ್ಡಿಯನ್ನು ನಿಧಾನವಾಗಿ ಬಗ್ಗಿಸಿ ಕಾಫಿ ಲೋಟದೊಳಗೆ ಕೂಡಿಸಿ ಒಣಗಿಸಿದರೆ ಅರ್ಧ ಬಳೆಯ ಹಾಗೆ ಬಾಗಿ ನಿಲ್ಲುತ್ತದೆ. ಎರಡೆರಡನ್ನು ಕೂಡಿಸಿ ಮಾಡಿದ ನಾಲ್ಕಾರು ಬಳೆಗಳನ್ನು ಒಂದರೊಳಗೊಂದು ತೂರಿಸಿದರೆ ತೂಗುವ ಗೋಳ.

ಅಂಟಿನ ವಿಷಯಕ್ಕೆ ಬಂದರೆ ಗ್ಲೂ ಗನ್ ಈ ಕಲೆಗೆ ಮಾಡಿದಷ್ಟು ಕೇಡನ್ನು ಬೇರೇನೂ ಮಾಡಿಲ್ಲ. ಬಿಸಿ ಅಂಟು ಕ್ಷಣದಲ್ಲಿ ಹಿಡಿಯುತ್ತದೆ, ಅದೇ ಅದರ ಮೋಹ. ಅದು ಮರದೊಳಗೆ ಇಳಿಯುವುದಿಲ್ಲ, ಮೇಲೆಯೇ ಗಡ್ಡೆಕಟ್ಟಿ ಕೂರುತ್ತದೆ, ಜೇಡರ ಬಲೆಯಂಥ ಎಳೆ ಬಿಡುತ್ತದೆ. ಅಟ್ಟಕ್ಕೆ ಹೋದ ಅಲಂಕಾರ ಒಂದು ಬೇಸಿಗೆ ಕಳೆದು ಕೆಳಗಿಳಿಯುವಾಗ ನಮ್ಮ ಮನೆಯಲ್ಲಿ ಎಷ್ಟೋ ಸಲ ಬಿಡಿ ಕಡ್ಡಿಗಳ ರಾಶಿಯಾಗಿ ಇಳಿದಿದೆ. ಬಿಳಿ ಫೆವಿಕಾಲ್ ನಿಧಾನ, ಆದರೆ ಎಳೆಯೊಳಗೆ ಹೀರಿಕೊಂಡು ಒಣಗುತ್ತದೆ. ಬಟ್ಟೆ ಒಣಹಾಕುವ ಕ್ಲಿಪ್ಪು ಸಿಕ್ಕಿಸಿ ಒಂದು ರಾತ್ರಿ ಬಿಟ್ಟರೆ ಸಂದು ಕಡ್ಡಿಗಿಂತ ಗಟ್ಟಿ. ಕಾಯುವ ತಾಳ್ಮೆ ಇಲ್ಲದ ಕೈಗೆ ಸೊಗಸು ಒಲಿಯುವುದು ಕಷ್ಟ.

ಕಡ್ಡಿಯ ಮಿತಿಯನ್ನೂ ಹೇಳಬೇಕು. ಅದು ಬಿದಿರಲ್ಲ. ನಾವು ಚಿಕ್ಕವರಿದ್ದಾಗ ಕ್ರಿಸ್ಮಸ್ ನಕ್ಷತ್ರ ಎಂದರೆ ಬಿದಿರ ದಬ್ಬೆಯ ಚೌಕಟ್ಟಿಗೆ ಗಾಳಿಪಟದ ಕಾಗದವನ್ನು ಮೈದಾ ಅಂಟಿನಲ್ಲಿ ಹಚ್ಚಿ, ಒಳಗೊಂದು ಬಲ್ಬು ಇಳಿಬಿಟ್ಟದ್ದು. ದೀಪಾವಳಿಯ ಆಕಾಶಬುಟ್ಟಿ ಮಾಡುವ ಕೈಯೇ ಡಿಸೆಂಬರಿನಲ್ಲಿ ನಕ್ಷತ್ರವನ್ನೂ ಮಾಡುತ್ತಿತ್ತು. ಬಂಬೂ ಬಜಾರಿನ ಮೇದರು ಸೀಳಿಕೊಟ್ಟ ದಬ್ಬೆ ಎಳೆಯ ದಾರಿಯಲ್ಲೇ ಸೀಳಿರುವುದರಿಂದ ಆಳುದ್ದವಿದ್ದರೂ ಬಾಗುತ್ತದೆ, ಮುರಿಯುವುದಿಲ್ಲ. ಕಡ್ಡಿಯನ್ನು ತುದಿಗೆ ತುದಿ ಅಂಟಿಸಿ ಅಂಥ ದೊಡ್ಡ ನಕ್ಷತ್ರ ಮಾಡಲು ಹೋದವರ ಕೆಲಸವನ್ನು ನೋಡಿದ್ದೇನೆ. ಪ್ರತಿ ಸಂದಿನಲ್ಲೂ ಮೂರನೆಯ ಕಡ್ಡಿಯ ಪಟ್ಟಿ, ಆ ಪಟ್ಟಿಯ ಮೇಲೆ ಇನ್ನೊಂದು, ಕೊನೆಗೆ ಭಾರಕ್ಕೆ ಜೋತು ನಕ್ಷತ್ರ ಏಡಿಯ ಹಾಗೆ ಕೈಕಾಲು ಇಳಿಬಿಟ್ಟಿರುತ್ತದೆ. ಬೀದಿಯಿಂದ ಕಾಣುವ ನಕ್ಷತ್ರ ಬೇಕಾದರೆ ಮೇದರ ಹತ್ತಿರ ಹೋಗಬೇಕು. ಕಡ್ಡಿಯದು ಕೋಣೆಯೊಳಗಿನ, ಮೊಳದೂರದ ಚೆಲುವು. ಟೀಚರಮ್ಮನ ನಕ್ಷತ್ರದ ಕೊರತೆಯೂ ಇದೇ: ಸಂಜೆ ದೀಪ ಹತ್ತಿದ ಮೇಲೆ ರಸ್ತೆಯಿಂದ ನೋಡಿದರೆ ಅಲ್ಲೊಂದು ನಕ್ಷತ್ರ ಇದೆ ಎಂದೇ ತಿಳಿಯುವುದಿಲ್ಲ. ಡಿಕಾಕ್ಷನ್ ಬಣ್ಣವೂ ನಾರು ಕಟ್ಟಿದ ಕಡೆ ಒದ್ದೆ ತಾಗಿ ಒಂದಿಷ್ಟು ಕಲೆಗಟ್ಟಿತ್ತು.

ಗೋದಲಿಯ ವಿಷಯದಲ್ಲಿ ಕಡ್ಡಿಗೆ ಅದರ ನಿಜವಾದ ಮನೆ ಸಿಗುತ್ತದೆ ಎಂದು ನನ್ನ ಎಣಿಕೆ. ಅಸಿಸಿಯ ಸಂತ ಫ್ರಾನ್ಸಿಸ್ 1223ರಲ್ಲಿ ಇಟಲಿಯ ಗ್ರೆಚ್ಚೋ ಊರಿನಲ್ಲಿ ನಿಜವಾದ ಎತ್ತು, ಕತ್ತೆ, ಹುಲ್ಲು ತಂದಿಟ್ಟು ದನದ ಕೊಟ್ಟಿಗೆಯನ್ನು ಕಣ್ಣಮುಂದೆ ನಿಲ್ಲಿಸಿದರು. ಬಡತನವೇ ಅಲ್ಲಿನ ಅಲಂಕಾರ. ಹಲಗೆ, ಕಂಬ, ಬೇಲಿ, ಏಣಿ, ಮೇವಿನ ತೊಟ್ಟಿ, ಎಲ್ಲವೂ ಮರದ ಪಟ್ಟಿಯ ವಸ್ತುಗಳೇ. ಕಡ್ಡಿಗೆ ವೇಷ ಹಾಕಿಸುವ ಅಗತ್ಯವೇ ಇಲ್ಲ. ಮೈಸೂರಿನ ಗೋದಲಿಗೆ ಇನ್ನೊಂದು ನಂಟೂ ಇದೆ, ದಸರೆಯ ಗೊಂಬೆ ಹಬ್ಬದ್ದು. ಗೊಂಬೆ ಕೂರಿಸುವವರು ತಟ್ಟೆಯಲ್ಲಿ ರಾಗಿ ಚೆಲ್ಲಿ ಹಸಿರು ಪಾರ್ಕು ಬೆಳೆಸುತ್ತಾರೆ. ಡಿಸೆಂಬರಿನಲ್ಲಿ ಗೋದಲಿಯ ಸುತ್ತ ಬೆಳೆಯುವುದೂ ಅದೇ ರಾಗಿ ಪೈರು. ಮಣ್ಣಿನ ರೈತ, ಶೆಟ್ಟರ ಅಂಗಡಿ, ಬಾವಿ ಸೇದುವ ಹೆಂಗಸು ಅಕ್ಟೋಬರಿನಲ್ಲಿ ಒಂದು ಮನೆಯ ಮೆಟ್ಟಿಲ ಮೇಲೆ, ಡಿಸೆಂಬರಿನಲ್ಲಿ ಪಕ್ಕದ ಮನೆಯ ಗೋದಲಿಯ ದಾರಿಯಲ್ಲಿ ನಿಂತಿರುವುದನ್ನು ನೋಡಿದ್ದೇನೆ. ಎರವಲು ತಂದ ಗೊಂಬೆಗಳು.

ಇಲ್ಲಿ ತಪ್ಪು ಆಗುವುದು ಪ್ರಮಾಣದಲ್ಲಿ. ಮರಿಯಮ್ಮನವರ, ಜೋಸೆಫರ ಪ್ರತಿಮೆ ಸಾಮಾನ್ಯವಾಗಿ ಗೇಣಿಗೆ ಹತ್ತಿರದ ಎತ್ತರ ಇರುತ್ತದೆ. ಕಡ್ಡಿಯನ್ನು ಇದ್ದಂತೆಯೇ ನಿಲ್ಲಿಸಿ ಗೋಡೆ ಕಟ್ಟಿದರೆ ಬಾಗಿಲು ಜೋಸೆಫರ ಸೊಂಟಕ್ಕೆ ಬರುತ್ತದೆ, ಬಾಲಯೇಸುವಿನ ತೊಟ್ಟಿಲು ಕೊಟ್ಟಿಗೆಯ ಅರ್ಧ ಜಾಗ ನುಂಗುತ್ತದೆ. ಸೆಂಟಿಮೀಟರ್ ಅಗಲದ ಹಲಗೆ ಅಷ್ಟು ಪುಟ್ಟ ಕೊಟ್ಟಿಗೆಗೆ ದಪ್ಪವೇ. ಕಡ್ಡಿಯನ್ನು ನೆನೆಸಿ ಉದ್ದಕ್ಕೆ ಎರಡಾಗಿ ಸೀಳಿದರೆ ಹಲಗೆಯ ಅಗಲ ಹದಕ್ಕೆ ಬರುತ್ತದೆ. ದುಂಡು ತುದಿಗಳನ್ನು ಹಾಗೇ ಬಿಟ್ಟರೆ ಐಸ್‌ಕ್ಯಾಂಡಿ ನೆನಪಾಗುತ್ತದೆಯೇ ಹೊರತು ಕೊಟ್ಟಿಗೆಯಲ್ಲ. ಬೇಲಿಗೆ ದುಂಡು ತುದಿ ಚಂದ, ಕಂಬಕ್ಕೆ ಅಲ್ಲ. ಮಾಡಿಗೆ ಕಡ್ಡಿ ಹೊದಿಸುವುದಕ್ಕಿಂತ ಭತ್ತದ ಹುಲ್ಲು ಹೊದಿಸಿದರೆ ಕೊಟ್ಟಿಗೆಗೆ ಉಸಿರು ಬರುತ್ತದೆ.

ಕೆಲವು ವರ್ಷಗಳ ಹಿಂದೆ ಒಂದು ಶಾಲೆಯ ಪ್ರದರ್ಶನದಲ್ಲಿ ಸಂತ ಫಿಲೋಮಿನಾ ಚರ್ಚಿನ ಕಡ್ಡಿಯ ಮಾದರಿ ಇಟ್ಟಿದ್ದರು. ನಾನು ಕಂಡ ಕಡ್ಡಿ ಕೆಲಸಗಳಲ್ಲಿ ಅತಿ ಮಹತ್ವಾಕಾಂಕ್ಷೆಯದು ಅದೇ, ಹಾಗಾಗಿ ಅದರ ಬಗ್ಗೆ ಸ್ವಲ್ಪ ವಿವರವಾಗಿ ಹೇಳುತ್ತೇನೆ. ನಾಲ್ವಡಿ ಕೃಷ್ಣರಾಜ ಒಡೆಯರು 1933ರಲ್ಲಿ ಅಡಿಗಲ್ಲು ಇಟ್ಟ ಈ ಚರ್ಚು ಗಾಥಿಕ್ ರೀತಿಯದು. ಜರ್ಮನಿಯ ಕಲೋನ್ ಕೆಥೆಡ್ರಲ್‌ನ ನೆನಪು ತರುವ ಅದರ ಎರಡು ಗೋಪುರಗಳ ಎತ್ತರ 175 ಅಡಿ. ನೂರಕ್ಕೆ ಒಂದರ ಪ್ರಮಾಣದಲ್ಲಿ ಮಾಡಿದರೆ ಗೋಪುರ 53 ಸೆಂ.ಮೀ. ಆಗುತ್ತದೆ, ಅಂದರೆ ನಾಲ್ಕೂವರೆ ಕಡ್ಡಿಗಿಂತ ಸ್ವಲ್ಪ ಹೆಚ್ಚು. ಮಕ್ಕಳು ಮಾಡಿದ್ದು ಹೆಚ್ಚುಕಡಿಮೆ ಅಷ್ಟೇ ಎತ್ತರದ್ದು. ಮುಂಭಾಗದಲ್ಲಿ ಕಡ್ಡಿಗಳನ್ನೆಲ್ಲ ನೆಟ್ಟಗೆ ನಿಲ್ಲಿಸಿದ್ದರು. ಗಾಥಿಕ್ ಕಟ್ಟಡದ ಜೀವವೇ ಮೇಲಕ್ಕೆ ಓಡುವ ಗೆರೆ. ಕಡ್ಡಿಯ ಎಳೆಯೂ ಮೇಲಕ್ಕೇ ಓಡಿ ಆ ಗೆರೆಗೆ ಒತ್ತು ಕೊಟ್ಟಿತ್ತು. ಎರಡು ಕಡ್ಡಿಯ ತಲೆ ಓರೆಯಾಗಿ ಕೂಡಿದ ಕಡೆ ಚೂಪು ಕಮಾನು ತಾನಾಗಿ ಮೂಡಿತ್ತು. ಕಿಟಕಿಗಳ ಹಿಂದೆ ಗಾಳಿಪಟದ ಕಾಗದ, ಒಳಗೆ ಪುಟ್ಟ ಎಲ್‌ಇಡಿ. ಯೇಸುವಿನ ಜನನದಿಂದ ಸ್ವರ್ಗಾರೋಹಣದವರೆಗಿನ ಕಥೆ ಹೇಳುವ ಅಲ್ಲಿನ ಬಣ್ಣದ ಗಾಜುಗಳ ಬೆಳಕನ್ನು ಆ ಕಾಗದ ಹೇಗೋ ಹಿಡಿದುಬಿಟ್ಟಿತ್ತು. ಅದರ ಮುಂದೆ ಮಂಡಿಯೂರಿ ಕೂತು ನೋಡಿದೆ.

ಆಮೇಲೆ ಪಕ್ಕಕ್ಕೆ ಹೋದೆ. ಪಕ್ಕದ ಗೋಡೆಗಳಲ್ಲಿ ಕಡ್ಡಿಗಳನ್ನು ಅಡ್ಡಕ್ಕೆ, ಒಂದರ ಮೇಲೊಂದು ಪೇರಿಸಿದ್ದರು. ಹಾಗೆ ಮಾಡುವುದು ಸುಲಭ, ಬೇಗ ಮುಗಿಯುತ್ತದೆ. ಮುಂಭಾಗ ಹಾರುತ್ತಿದ್ದರೆ ಪಕ್ಕದ ಗೋಡೆ ಮರದ ಕೊಟ್ಟಿಗೆಯಂತೆ ನೆಲ ಹಿಡಿದು ಕೂತಿತ್ತು. ಒಂದೇ ಚರ್ಚಿಗೆ ಎರಡು ಸ್ವಭಾವ. ಶಿಲುಬೆಗಳಿಗೆ ಚಿನ್ನದ ಬಣ್ಣದ ಸ್ಪ್ರೇ ಹೊಡೆದದ್ದು ಗೋಪುರದ ತುದಿಗೂ ಸಿಡಿದಿತ್ತು. ಆ ಮಕ್ಕಳಿಗೆ ಇದನ್ನು ಹೇಳಿದೆ. ಹುಡುಗಿಯೊಬ್ಬಳು, “ನಮಗೂ ಗೊತ್ತಾಯ್ತು ಅಂಕಲ್, ಆದ್ರೆ ನಾಳೇನೇ ಕೊಡ್ಬೇಕು ಅಂದ್ರು” ಎಂದಳು. ಕಣ್ಣಿಗೆ ತಪ್ಪು ಕಂಡಿದೆ, ತಿದ್ದಲು ದಿನ ಸಿಕ್ಕಿಲ್ಲ.

ಸಮಯದ ಈ ಒತ್ತಡವೇ ಶಾಲೆಯ ಕ್ರಾಫ್ಟನ್ನು ಕೆಡಿಸುತ್ತಿದೆ. ನನ್ನ ತಂಗಿಯ ಮಗಳು ಎಂಟು ವರ್ಷದವಳಿದ್ದಾಗ ಸ್ಪರ್ಧೆಗೆಂದು ಮೂರು ಕಡ್ಡಿಯ ಒಂದು ಕ್ರಿಸ್ಮಸ್ ಮರ ಮಾಡಿದ್ದಳು. ಉದ್ದನೆಯ ತ್ರಿಕೋನ, ಒಳಗೆ ಅಡ್ಡಕ್ಕೆ ಹಸಿರು ನೂಲು ಸುತ್ತಿದ್ದು, ನೂಲಿನಲ್ಲಿ ಗುಲಗಂಜಿ ಗಾತ್ರದ ಐದು ಕೆಂಪು ಮಣಿ. ಮಣಿಗಳನ್ನು ಎಲ್ಲಿ ಕೂರಿಸಬೇಕೆಂದು ಅರ್ಧ ದಿನ ತೆಗೆದು ಹಾಕಿ ನೋಡಿದ್ದಳು. ಶಾಲೆಯಲ್ಲಿ ಅದಕ್ಕೆ ‘ತುಂಬ ಸಿಂಪಲ್’ ಎಂದರು. ಬಹುಮಾನ ಹೋದದ್ದು ಅಪ್ಪ ಅಮ್ಮ ರಾತ್ರಿಯಿಡೀ ಕೂತು ಮಾಡಿದ್ದೆಂದು ಎಲ್ಲರಿಗೂ ತಿಳಿದಿದ್ದ, ಹೊಳೆಯುವ ಎರಡಡಿಯ ಮನೆಯೊಂದಕ್ಕೆ. ಮಗು ಮರುವರ್ಷ ಗ್ಲಿಟರ್ ಕೇಳಿದಳು. ನನಗೆ ಇವತ್ತಿಗೂ ಅದು ನೋವು. ಆ ಮರ ನನ್ನ ಮೇಜಿನ ಮೇಲಿದೆ. ನೂಲಿನ ಹಸಿರು ಕಳೆಗುಂದಿದೆ, ಕಡ್ಡಿ ಬಿಸಿಲಿಗೆ ಜೇನಿನ ಬಣ್ಣಕ್ಕೆ ಬಂದಿದೆ, ಮಣಿಗಳು ಅವಳು ಕೂರಿಸಿದ ಕಡೆಯೇ ಕೂತಿವೆ.

ಜನವರಿ 6, ಮೂವರು ರಾಯರ ಹಬ್ಬದ ಸಂಜೆ, ಮತ್ತೆ ಆ ವಠಾರಕ್ಕೆ ಹೋಗಿದ್ದೆ. ಟೀಚರಮ್ಮ ಗೋದಲಿ ತೆಗೆಯುತ್ತಿದ್ದರು. ರಾಗಿ ಪೈರಿನ ತಟ್ಟೆಯನ್ನು ಪಕ್ಕದ ಮನೆಯ ಹಸುವಿಗೆ ಕಳಿಸಿಯಾಗಿತ್ತು. ಕಿಟಕಿಯಿಂದ ನಕ್ಷತ್ರವನ್ನು ಇಳಿಸಿ, ಒಣಗಿದ ನಾರಿನ ಮೇಲೆ ಎರಡು ಹನಿ ನೀರು ಚಿಮುಕಿಸಿ, ಉಗುರಿನಿಂದ ಗಂಟು ಬಿಡಿಸಿದರು. ನಕ್ಷತ್ರ ಮತ್ತೆ ಆರು ಕಡ್ಡಿ ಆಯಿತು. ಒರೆಸಿ, ಕಂದು ಮೂರು, ಬಿಳಿ ಮೂರು ಬೇರೆ ಮಾಡಿ ಬಿಸ್ಕತ್ತಿನ ಡಬ್ಬಕ್ಕೆ ಹಾಕಿದರು. ಡಬ್ಬದ ತಳದಲ್ಲಿ ಇನ್ನೂ ಇಪ್ಪತ್ತು ಮೂವತ್ತು ಕಡ್ಡಿಗಳಿದ್ದವು. ಎಷ್ಟೋ ವರ್ಷದವು, ತುದಿಗಳಲ್ಲಿ ನಾರು ಬಿಗಿದ ಗೆರೆ ಕಾಣುತ್ತಿತ್ತು. ಮುಚ್ಚಳ ಹಾಕುವ ಮುಂಚೆ ಒಂದನ್ನು ನನ್ನ ಕೈಗೆ ಕೊಟ್ಟರು. ಮೂಗಿನ ಹತ್ತಿರ ಹಿಡಿದೆ. ಇನ್ನೂ ಕಾಫಿ ವಾಸನೆ ಇತ್ತು.